ಎಸ್‌ಟಿಪಿಯ ಪಿಎಲ್‌ಸಿ ಪ್ಯಾನೆಲ್: ಕೆಲಸ ಅಚ್ಚುಕಟ್ಟು, ಬಾಗಿಲು ಮಾತ್ರ ತೆರೆದೇ ಇದೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ (ಎಸ್‌ಟಿಪಿ) ಕಳೆದ ವರ್ಷ ಹೊಸ ಪಿಎಲ್‌ಸಿ ಪ್ಯಾನೆಲ್, ಅಂದರೆ ಯಂತ್ರಗಳನ್ನು ತಾನೇ ನಡೆಸುವ ಸಣ್ಣ ಕಂಪ್ಯೂಟರ್ ಇರುವ ನಿಯಂತ್ರಣ ಪೆಟ್ಟಿಗೆ, ಹಾಕಿಸಿದೆವು. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್, ಪಂಪು, ಟ್ಯಾಂಕಿನ ಮಟ್ಟ ಎಲ್ಲವನ್ನೂ ಮನೆಯಲ್ಲೇ ಕುಳಿತು ನೋಡಬಹುದು, ಬೇಕಿದ್ದರೆ ಅಲ್ಲಿಂದಲೇ ನಡೆಸಬಹುದು ಎಂದು ಪ್ಯಾನೆಲ್ ಕಟ್ಟಿಕೊಟ್ಟವರು ಹೇಳಿದ್ದರಿಂದಲೇ ಸಮಿತಿ ಒಪ್ಪಿತ್ತು. ಇನ್‌ಸ್ಟ್ರುಮೆಂಟೇಶನ್ ಕೆಲಸದಲ್ಲಿ ಬಹುಕಾಲ ಕಳೆದು ಈಗ ಆ ಸಮಿತಿಯಲ್ಲಿರುವ ನಾನೂ ಕೈ ಎತ್ತಿದವನೇ.

ವಿದ್ಯುತ್ ಕೆಲಸದಲ್ಲಿ ಕೊರತೆ ಹೇಳುವಂತಿಲ್ಲ. ಪ್ರತಿ ತಂತಿಯ ತುದಿಗೂ ಗುರುತಿನ ಕೊಳವೆ (ಫೆರುಲ್), ಅದರ ಮೇಲೆ ಸಂಖ್ಯೆ. ಪ್ರತಿ ಮೋಟಾರಿಗೂ ಆಟೋ–ಮ್ಯಾನುಯಲ್ ಸ್ವಿಚ್. ಮಳೆಗಾಲದಲ್ಲಿ ಲೆವೆಲ್ ಸೆನ್ಸರ್ ಕೆಟ್ಟಾಗ ಆಪರೇಟರ್ ಎರಡು ದಿನ ಕೈಯಲ್ಲೇ ಘಟಕ ನಡೆಸಿದರು.

ತಕರಾರು ಇರುವುದು ರಿಮೋಟ್ ಸೌಲಭ್ಯದ ಬಗ್ಗೆ. ಪ್ಯಾನೆಲ್ಲಿನೊಳಗೆ ಒಂದು 4ಜಿ ರೂಟರ್, ಅದರಲ್ಲಿ ಸ್ಥಿರ ಐಪಿಯ, ಅಂದರೆ ಇಂಟರ್ನೆಟ್ಟಿನಲ್ಲಿ ಬದಲಾಗದ ವಿಳಾಸದ, ಸಿಮ್. ಒಂದು ಭಾನುವಾರ ಮನೆಯಿಂದ, ಮೊಬೈಲ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಉಚಿತವಾಗಿ ಸಿಗುವ ಮಾಡ್‌ಬಸ್ (ಪಿಎಲ್‌ಸಿಗಳು ಮಾತನಾಡುವ ಒಂದು ಭಾಷೆ) ತಂತ್ರಾಂಶದಲ್ಲಿ ಆ ಐಪಿಯನ್ನೂ ಮಾಡ್‌ಬಸ್‌ನ ಮಾಮೂಲಿ 502ನೇ ಪೋರ್ಟನ್ನೂ ಹಾಕಿದೆ. ಟ್ಯಾಂಕಿನ ಮಟ್ಟಗಳು ಸಾಲಾಗಿ ಬಂದವು. ಆಪರೇಟರನ್ನು ಪ್ಯಾನೆಲ್ ಮುಂದೆ ನಿಲ್ಲಿಸಿಕೊಂಡು, ಫೋನಿನಲ್ಲಿ ಮಾತನಾಡುತ್ತಲೇ, ಬ್ಲೋವರ್ ಒಮ್ಮೆಗೆ ಓಡಬೇಕಾದ 45 ನಿಮಿಷವನ್ನು 5ಕ್ಕೆ ಇಳಿಸಿದೆ. "ಸರ್, ಸ್ಕ್ರೀನಲ್ಲಿ ಐದು ಅಂತ ಬಂತು" ಎಂದರು. ಪಾಸ್‌ವರ್ಡ್ ಕೇಳಲಿಲ್ಲ, ಅಲಾರಂ ಕೂಗಲಿಲ್ಲ, ಯಾರು ಬದಲಿಸಿದರೆಂಬ ದಾಖಲೆಯೂ ಉಳಿಯಲಿಲ್ಲ. ತಕ್ಷಣ ಹಳೆಯ ಅಂಕಿಯನ್ನೇ ಹಾಕಿದೆ. ಅದು ಹಾಗೆಯೇ ಉಳಿದಿದ್ದರೆ ಗಾಳಿ ಸಾಲದೆ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತಿದ್ದವು. ನಾರುವ ನೀರು ಫ್ಲಶ್ ಟ್ಯಾಂಕುಗಳಿಗೆ ಬಂದ ಮೇಲಷ್ಟೇ ನಮಗೆ ಗೊತ್ತಾಗುತ್ತಿತ್ತು.

ಇದು ಆ ಪಿಎಲ್‌ಸಿಯೊಂದರದೇ ದೋಷವಲ್ಲ. ಮಾಡಿಕಾನ್ ಕಂಪನಿ 1979ರಲ್ಲಿ ಮಾಡ್‌ಬಸ್ ರೂಪಿಸಿದಾಗ ಅದು ಕಾರ್ಖಾನೆಯ ಗೋಡೆಯೊಳಗಿನ ತಂತಿಯ ಮೇಲಿನ ಮಾತುಕತೆಯಾಗಿತ್ತು. ಆಜ್ಞೆ ಕೊಡುತ್ತಿರುವವರು ಯಾರೆಂದು ವಿಚಾರಿಸುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತದೆ, ಹೇಳಿದ್ದನ್ನೆಲ್ಲ ಕೇಳುತ್ತದೆ. ಅಂಥದ್ದನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟದ್ದು ಪ್ಯಾನೆಲ್ ಕಟ್ಟಿದವರ ತಪ್ಪು.

ಅವರನ್ನು ಕೇಳಿದರೆ "ನಿಮ್ಮ ಎಸ್‌ಟಿಪಿಯನ್ನು ಯಾರು ಸರ್ ಹ್ಯಾಕ್ ಮಾಡ್ತಾರೆ?" ಎಂದು ನಕ್ಕರು. ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜಿನವರೂ ಹಾಗೆಯೇ ಅಂದುಕೊಂಡಿದ್ದರೇನೋ. 2023ರ ನವೆಂಬರಿನಲ್ಲಿ ಅವರ ಬೂಸ್ಟರ್ ಪಂಪ್ ಕೇಂದ್ರದ ಯೂನಿಟ್ರಾನಿಕ್ಸ್ ಪಿಎಲ್‌ಸಿಗೆ ಇರಾನ್ ಜೊತೆ ನಂಟಿದ್ದ ಗುಂಪೊಂದು ನುಗ್ಗಿತು; ಸಿಬ್ಬಂದಿ ಮ್ಯಾನುಯಲ್‌ಗೆ ಇಳಿಯಬೇಕಾಯಿತು. ಊರಿನ ಮೇಲೆ ದ್ವೇಷವೇನೂ ಇರಲಿಲ್ಲ, ಯಂತ್ರ ಇಸ್ರೇಲಿನದು, ಅಷ್ಟೇ. ಆ ಸರಣಿಯ ದಾಳಿಗಳ ಬಳಿಕ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಯು ಕಾರ್ಖಾನೆಯಿಂದಲೇ ಬರುವ 1111 ಎಂಬ ಪಾಸ್‌ವರ್ಡನ್ನು ಬದಲಿಸಿರೆಂದು ಎಚ್ಚರಿಸಿತು. ನಮ್ಮ ಪ್ಯಾನೆಲ್ ಮೇಲಿನ ಸ್ಕ್ರೀನಿಗೆ ಪಾಸ್‌ವರ್ಡ್ ಇದೆ: 1234. ಮರೆಯದಿರಲೆಂದು ತಂತ್ರಜ್ಞರು ಅದನ್ನು ಪ್ಯಾನೆಲ್ ಬಾಗಿಲಿನ ಮೇಲೆ ಮಾರ್ಕರಿನಿಂದ ಬರೆದೂ ಹೋಗಿದ್ದಾರೆ.

ಪಿಎಲ್‌ಸಿಯ ಕೀಲಿಯನ್ನೂ, ಅದರ ಪ್ರೋಗ್ರಾಮನ್ನು ತಿದ್ದಲು ಬಿಡುವ 'ಪ್ರೋಗ್ರಾಮ್' ಸ್ಥಾನದಲ್ಲೇ ಬಿಟ್ಟಿದ್ದರು, ದೂರದಿಂದ ತಿದ್ದಲು ಅನುಕೂಲವೆಂದು. ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ನಿಯಂತ್ರಕಗಳಿಗೆ 2017ರಲ್ಲಿ ಟ್ರೈಟನ್ ಕುತಂತ್ರಾಂಶ ಹೊಕ್ಕಾಗ ನೆರವಾದದ್ದು ಇದೇ ಅನುಕೂಲ. ನಾನು ಕೀಲಿಯನ್ನು ರನ್‌ಗೆ ತಿರುಗಿಸಿ ತೆಗೆದಿಟ್ಟೆ.

ಪ್ಯಾನೆಲ್ಲಿಗೆ ಐದಕ್ಕೆ ನಾಲ್ಕು, ರಿಮೋಟ್ ಸೇವೆಗೆ ಒಂದು ಅಂಕ ಕೊಡುತ್ತೇನೆ. ಕೊಳ್ಳುವವರು ವಿಪಿಎನ್ (ಅನುಮತಿ ಇದ್ದವರಷ್ಟೇ ಒಳಬರುವ ಖಾಸಗಿ ಸಂಪರ್ಕ), ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಬದಲಾವಣೆಗಳ ದಾಖಲೆ, ಈ ಮೂರನ್ನೂ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕು; ನಮಗೆ ವಿಪಿಎನ್‌ಗೆ ಈಗ ಬೇರೆ ಬಿಲ್ ಬಂದಿದೆ. ಅದು ಇತ್ಯರ್ಥವಾಗುವವರೆಗೆ ಸಿಮ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ಆಪರೇಟರ್ ಬೆಳಿಗ್ಗೆ ಸಂಜೆ ಟ್ಯಾಂಕಿನ ಮಟ್ಟವನ್ನು ಪುಸ್ತಕದಲ್ಲಿ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ.