ಮನೆಯ ಮೊಸರು, ಪ್ಯಾಕೆಟ್ ಮೊಸರು, ಗ್ರೀಕ್ ಯೋಗರ್ಟ್: ಯಾವುದು ಯಾರಿಗೆ?

ಬೆಂಗಳೂರಿನ ಮನೆಗಳಲ್ಲಿ ಮೊಸರು ಅಥವಾ ಮಜ್ಜಿಗೆಯಿಲ್ಲದೆ ಊಟ ಮುಗಿಯುವುದು ಅಪರೂಪವಾದರೂ, ಅಂಗಡಿಯ ಫ್ರಿಜ್ಜಿನಲ್ಲಿ ಇಂದು ನಂದಿನಿ ಮೊಸರಿನ ಪಕ್ಕದಲ್ಲೇ ಗ್ರೀಕ್ ಯೋಗರ್ಟಿನ ಡಬ್ಬಿಯೂ ಇರುವುದರಿಂದ ಆಯ್ಕೆಗೆ ಸ್ವಲ್ಪ ಯೋಚನೆ ಬೇಕಾಗಿದೆ.

ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವವರಿಗೆ ಮನೆಯ ಮೊಸರೂ ಪ್ಯಾಕೆಟ್ ಮೊಸರೂ ಬಹುತೇಕ ಸಮಾನ; ಎರಡರಲ್ಲೂ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ, ಕೆಲವರಿಗೆ ಸುಲಭವಾಗಿ ಜೀರ್ಣವಾಗದ ಲ್ಯಾಕ್ಟೋಸಿನ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಿರುತ್ತವೆ. ಮನೆಯಲ್ಲಿ ಹೆಪ್ಪು ಹಾಕಿದರೆ ಹಾಲಿನ ಕೊಬ್ಬನ್ನೂ ಹುಳಿಯನ್ನೂ ನಾವೇ ನಿರ್ಧರಿಸಬಹುದು. ಡಿಸೆಂಬರಿನ ಚಳಿಯಲ್ಲಿ ಇಲ್ಲಿ ಮೊಸರು ಹೆಪ್ಪುಗಟ್ಟಲು ತಡವಾಗುತ್ತದೆ ಎನ್ನುವುದು ನಿಜ. ಆ ತಿಂಗಳು ಪ್ಯಾಕೆಟ್ ಕೊಂಡರೆ ನಷ್ಟವೇನಿಲ್ಲ.

ಪ್ರೋಟೀನ್ ಮುಖ್ಯವೆನ್ನುವವರ ಲೆಕ್ಕ ಬೇರೆ. 100 ಗ್ರಾಂ ಸಾಮಾನ್ಯ ಮೊಸರಿನಲ್ಲಿ 3ರಿಂದ 4 ಗ್ರಾಂ ಪ್ರೋಟೀನ್ ಇದ್ದರೆ, ನೀರು ಬಸಿದ ಗ್ರೀಕ್ ಯೋಗರ್ಟಿನಲ್ಲಿ ಸುಮಾರು 8ರಿಂದ 10 ಗ್ರಾಂ ಇರುತ್ತದೆ. ಆದರೆ ಬಸಿಯುವಾಗ ಕ್ಯಾಲ್ಸಿಯಂ ಕೂಡ ಸ್ವಲ್ಪ ಹರಿದುಹೋಗುತ್ತದೆ, ಬೆಲೆಯೂ ಹೆಚ್ಚು. ಮನೆಯ ಮೊಸರನ್ನೇ ತೆಳುಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಸಿಯಲು ಬಿಟ್ಟರೆ ಹೆಚ್ಚುಕಡಿಮೆ ಅದೇ ಸಿಗುವುದರಿಂದ, ನಿತ್ಯ ಡಬ್ಬಿ ಕೊಳ್ಳುವುದು ನನಗಂತೂ ದುಂದು ಎನಿಸುತ್ತದೆ. ಹಣ್ಣಿನ ಸ್ವಾದದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ; ಮಧುಮೇಹವಿರುವವರು ಲೇಬಲ್ ಓದಿಯೇ ಕೊಳ್ಳಬೇಕು.

ತೂಕ ಇಳಿಸುವವರಿಗೆ ನೀರು ಮಜ್ಜಿಗೆ ಒಳ್ಳೆಯದು, ರಕ್ತದೊತ್ತಡವಿದ್ದರೆ ಉಪ್ಪು ಕಡಿಮೆಯಿರಲಿ. ಮಜ್ಜಿಗೆ ಹುಳಿಯನ್ನು ಕುದಿಸಿದಾಗ ಜೀವಂತ ಬ್ಯಾಕ್ಟೀರಿಯಾಗಳು ಸಾಯುತ್ತವೆಯಾದರೂ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಉಳಿಯುತ್ತವೆ.