ರಿಂಗ್ ರೋಡಿನಲ್ಲಿ ನಾಯಿಮರಿ ತಗೋಬೇಡಿ

ನಮ್ಮದು ಮಂಡ್ಯ. ಮಗಳಿಗೆ ನಾಯಿ ಬೇಕು ಅಂತ ಒಂದೇ ಹಟ. ಮೊದಲು ಹೋಗಿದ್ದು ಮೈಸೂರಿನಲ್ಲಿ ಬೀದಿನಾಯಿಗಳನ್ನು ಸಾಕಿ ದತ್ತು ಕೊಡುವವರ ಹತ್ತಿರ. ಬಾಡಿಗೆ ಮನೆಯಾ, ಓನರ್ ಒಪ್ಪಿದ್ದಾರಾ, ಹಗಲು ಮನೇಲಿ ಯಾರಿರ್ತಾರೆ, ಊರಿಗೆ ಹೋದರೆ ಯಾರು ನೋಡ್ಕೊಳ್ತಾರೆ, ಕೇಳಿದ್ದೇ ಕೇಳಿದ್ದು. ಮನೆ ನೋಡೋಕೂ ಬರ್ತೀವಿ ಅಂದರು. ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲ ಅಂತ ಗೊಣಗಿಕೊಂಡು ಎದ್ದು ಬಂದೆ.

ಫೋನಿನಲ್ಲಿ ಸಿಕ್ಕ 'ಬ್ರೀಡರ್' ಏನೂ ಕೇಳಲಿಲ್ಲ. "ಲ್ಯಾಬ್ರಡಾರ್ ಮರಿ, ಅರವತ್ತು ದಿನ ಆಗದೆ, ಹನ್ನೆರಡು ಸಾವಿರ. ತಳಿ ಪೇಪರ್ ಬೇಕು ಅಂದ್ರೆ ಐದು ಸಾವಿರ ಜಾಸ್ತಿ ಸಾರ್." ತಾಯಿನಾಯಿ ನೋಡಬಹುದಾ ಅಂದಿದ್ದಕ್ಕೆ, "ತೋಟದಲ್ಲದೆ, ದೂರ ಆಯ್ತದೆ. ನಾನೇ ಮೈಸೂರು ರಿಂಗ್ ರೋಡಿಗೆ ತಂದ್ಬುಡ್ತೀನಿ" ಅಂದ. ಹಿನಕಲ್ ಹತ್ತಿರ ಸ್ಕೂಟರ್ ನಿಲ್ಲಿಸಿ ಸೇಬಿನ ರಟ್ಟಿನ ಡಬ್ಬದಿಂದ ಮರಿ ಎತ್ತಿ ಕೊಟ್ಟ. ಮೈತುಂಬ ಪೌಡರ್ ಘಮ. ಬಾಲದ ಕೆಳಗೆ ಕೂದಲು ಅಂಟಂಟಾಗಿತ್ತು. ಪೌಡರ್ ಯಾಕೆ ಹಚ್ಚಿದ್ದಾನೆ ಅಂತ ನನ್ನ ಮಂದಬುದ್ಧಿಗೆ ಆಗ ಹೊಳೆಯಲಿಲ್ಲ.

ಮೂರನೇ ದಿನ ಹಾಲು ಮುಟ್ಟಲಿಲ್ಲ. ರಾತ್ರಿ ವಾಂತಿ, ಬೆಳಗಿನ ಜಾವ ರಕ್ತಭೇದಿ. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯೋ ಹಾಗಿಲ್ಲ. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿ, "ಅರವತ್ತು ದಿನ ಅಂತ ಯಾರ್ರೀ ಹೇಳಿದ್ದು? ಐದು ವಾರ ಆಗಿದ್ರೆ ಹೆಚ್ಚು" ಅಂದರು. ಮಾರಿದವನು ಕೊಟ್ಟಿದ್ದ ಲಸಿಕೆ ಕಾರ್ಡ್ ತೋರಿಸಿದೆ. ಅದರಲ್ಲಿ ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸೋ ಚೀಟಿ ಇಲ್ಲ, ಡಾಕ್ಟರ ಸಹಿ ಇಲ್ಲ, ಸೀಲಿಲ್ಲ. ಬಾಲ್ ಪೆನ್ನಿನಲ್ಲಿ ಗೀಚಿದ ತಾರೀಕು ಮಾತ್ರ. ಕಾಯಿಲೆ ಪಾರ್ವೊ, ನಾಯಿಮರಿಗಳ ಕರುಳಿಗೆ ಬಡಿಯೋ ವೈರಸ್ ರೋಗ. ಈ ವೈರಸ್ ತಗುಲಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ರೋಗ ಕಾಣಿಸಿಕೊಳ್ಳುತ್ತಂತೆ. ಅಂದರೆ ಮರಿ ಅಲ್ಲಿಂದಲೇ ಹೊತ್ತು ತಂದಿತ್ತು. ಬೆರಳುದ್ದದ ಮುಂಗಾಲಿಗೆ ಸೂಜಿ ಚುಚ್ಚಿ ಎರಡು ದಿನ ಡ್ರಿಪ್ ಹಾಕಿಸಿದೆವು. ಉಳಿಯಲಿಲ್ಲ. ಮಾರಿದವನ ಫೋನು ಅವತ್ತಿನಿಂದ ಸ್ವಿಚ್ ಆಫ್.

ನಿಯಮ ಓದಿದ್ದು ದುಡ್ಡು ಕಳೆದುಕೊಂಡ ಮೇಲೆ. 2017ರ ಕೇಂದ್ರ ನಿಯಮದಂತೆ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, 8 ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಗೆ ವರ್ಷಕ್ಕೆ ಒಂದೇ ಸೂಲು. ನೋಂದಣಿ ಪತ್ರ ತೋರಿಸಿ ಅಂತ ಕೇಳಿದ್ದರೆ ಅವನು ಹಿನಕಲ್ ತನಕ ಬರ್ತಾನೇ ಇರಲಿಲ್ಲ. ಎಲ್ಲ ಬ್ರೀಡರೂ ಹೀಗೆ ಅಂತಲ್ಲ. ಆದರೆ ತಾಯಿ ಮಗ್ಗುಲಲ್ಲಿ ಮರಿ ತೋರಿಸದವರ ಹತ್ತಿರ ಚಿಕ್ಕಾಸೂ ಬಿಚ್ಚಬೇಡಿ. ದುಡ್ಡು ಕೊಟ್ಟು ತಗೊಳ್ಳೋ ಪೇಪರ್ ತಳಿಯ ವಿಚಾರ ಹೇಳುತ್ತೆ, ಆರೋಗ್ಯದ್ದಲ್ಲ.

ಮಗು ಅಳು ನಿಲ್ಲಿಸಲಿ ಅಂತ ಅದೇ ವಾರ ಇನ್ನೊಂದು ಮರಿ ತರೋಕೆ ಹೊರಟಿದ್ದೆ. ಡಾಕ್ಟರು ಬೈದರು. ಪಾರ್ವೊ ವೈರಸ್ ನೆಲದಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಫಿನಾಯಿಲ್ ನಂಬಬೇಡಿ, ನೀರಿಗೆ ಬ್ಲೀಚ್ ಬೆರೆಸಿ ಒರೆಸಿ, ತಂದರೆ ಲಸಿಕೆ ಪೂರ್ತಿ ಆದ ದೊಡ್ಡ ನಾಯಿ ತನ್ನಿ ಅಂದರು.

ಮತ್ತೆ ಮೈಸೂರಿಗೆ, ಅದೇ ದತ್ತು ಕೊಡುವವರ ಹತ್ತಿರ. ಅವೇ ಪ್ರಶ್ನೆ. ಈ ಸಲ ಕೂತು ಒಂದೊಂದಕ್ಕೂ ಉತ್ತರ ಕೊಟ್ಟೆ. ಮೂರು ವರ್ಷದ ಕಪ್ಪು ಹೆಣ್ಣುನಾಯಿ, ಒಂದು ಕಿವಿ ಮಡಚಿಕೊಂಡಿದೆ, ಸಂತಾನಹರಣ ಚಿಕಿತ್ಸೆ ಆಗಿದೆ. ಮನೆ ನೋಡಿ ಹೋದರು. ಗೇಟಿನ ಕೆಳಗಿನ ಸಂದಿಗೆ ಜಾಲರಿ ಹೊಡೆಸಿ, ಆಮೇಲೆ ಫೋನ್ ಮಾಡಿ ಅಂದಿದ್ದಾರೆ. ವೆಲ್ಡಿಂಗ್‌ನವನು ನಾಳೆ ಬರ್ತಾನೆ.