"ಅಪ್‌ಡೇಟ್ ಬಂದ್ರ ರೇಟ್ ಡಬಲ್" ಅನ್ನುವವರಿಂದ ಗೇಮ್ ಗೊಂಬೆ ಕೊಳ್ಳುವ ಮುಂಚೆ

ಬೆಳಗಾವಿ, ಹುಬ್ಬಳ್ಳಿ, ಗೋವಾ ಕಡೆ ನಿಂಟೆಂಡೋ ಸ್ವಿಚ್ ಆಡುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಮಿಬೋ (ಆಟದ ಯಂತ್ರಕ್ಕೆ ತಾಗಿಸುವ, ಚಿಪ್ ಇರುವ) ಗೊಂಬೆ ಮಾರುವವರು ಯಾರಾದರೂ "ಮುಂದಿನ ಅಪ್‌ಡೇಟ್ ಬಂದ ಮೇಲೆ ಇದು ಸಿಗೂದಿಲ್ಲ, ಇವತ್ತ ತಗೋರಿ" ಅಂತ ಅವಸರ ಮಾಡಿದರೆ ಹಣ ಕಳಿಸಬೇಡಿ. ಇಂಥ ಒಂದು ಮಾತು ನಂಬಿ ನಾನು ಏಳು ಸಾವಿರ ರೂಪಾಯಿ ಕೊಟ್ಟು ಮೋಸಹೋಗಿದ್ದೇನೆ.

ಈಗ ಬರೆಯುವುದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ ಕೊನೆಯಲ್ಲಿ ನಿಂಟೆಂಡೋ ಕಂಪನಿ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟಕ್ಕೆ 3.0 ಅಪ್‌ಡೇಟ್ ಘೋಷಿಸಿತು. 2026ರ ಜನವರಿಯಲ್ಲಿ ಅದು ಬಂತು. ಜೆಲ್ಡಾ ಮತ್ತು ಸ್ಪ್ಲಟೂನ್ ಸರಣಿಯ ಅಮಿಬೋ ಸ್ಕ್ಯಾನ್ ಮಾಡಿದರೆ ಆ ಆಟಗಳ ಸಾಮಾನು ಸಿಗುತ್ತದೆ, ಆಟಗಾರರು ವಾಸಿಸುವ ದ್ವೀಪಕ್ಕೆ ಹೊಸ ನೆರೆಯವರು ಬರುತ್ತಾರೆ. ಘೋಷಣೆ ಆದದ್ದೇ ತಡ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ವರ್ಷಗಟ್ಟಲೆ ಯಾರೂ ಕೇಳದ ಜೆಲ್ಡಾ ಗೊಂಬೆಗಳು ಒಂದೊಂದಾಗಿ ಮಾರಾಟಕ್ಕೆ ಬಂದವು. ಆ ಮೆಸೇಜುಗಳ ಧಾಟಿ ನನಗೆ ಚೆನ್ನಾಗಿ ಗೊತ್ತು. 2023ರಲ್ಲಿ ನನಗೆ ಬಂದದ್ದೂ ಅದೇ.

ಹೊಸಬರಿಗಾಗಿ ಎರಡು ಮಾತು. ಅಮಿಬೋ ಅಂದರೆ ಅಂಗೈಯಲ್ಲಿ ಹಿಡಿಸುವ ಗೊಂಬೆ. ಅದರ ಪೀಠದೊಳಗೆ ಒಂದು ಎನ್‌ಎಫ್‌ಸಿ ಚಿಪ್ ಇರುತ್ತದೆ. ಕಂಟ್ರೋಲರ್‌ಗೆ ತಾಗಿಸಿದರೆ ಆಟದಲ್ಲಿ ಏನಾದರೂ ಸಿಗುತ್ತದೆ: ಒಂದು ಕತ್ತಿ, ಒಂದು ಅಂಗಿ, ಕೆಲವೊಮ್ಮೆ ಬರೀ ಐದಾರು ಹಣ್ಣು. 2014ರ ನವೆಂಬರ್‌ನಲ್ಲಿ ಮೊದಲ ಸಲ ಬಂದಾಗ ಅಮೆರಿಕದಲ್ಲಿ ಒಂದಕ್ಕೆ 12.99 ಡಾಲರ್ ಇತ್ತು. ನಮ್ಮ ದೇಶದಲ್ಲಿ ನಿಂಟೆಂಡೋದ ಸ್ವಂತ ಅಂಗಡಿ ಇಲ್ಲ. ದುಬೈನಿಂದ ಬರುವ ಮಾಮಾ ಬ್ಯಾಗಿನಲ್ಲಿ ತರಬೇಕು, ಇಲ್ಲವೇ ಆಮದು ಮಾಡುವ ಅಂಗಡಿಯವರು ಹೇಳಿದ ರೇಟಿಗೆ ಕೊಳ್ಳಬೇಕು. ಆಟಿಕೆಗಳ ಮೇಲಿನ ಮೂಲ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ ಹೋಯಿತು. ಹಾಗಾಗಿ ಇಲ್ಲಿ ಒಂದು ಗೊಂಬೆಯ "ಸರಿಯಾದ ಬೆಲೆ" ಎಷ್ಟು ಅಂತ ಯಾರಿಗೂ ಗಟ್ಟಿಯಾಗಿ ಗೊತ್ತಿರುವುದಿಲ್ಲ. ಮಾರುವವರಿಗೆ ಅನುಕೂಲ ಆಗುವುದು ಇಲ್ಲೇ.

2023ರ ಬೇಸಿಗೆ. ಮೇ 12ಕ್ಕೆ ಜೆಲ್ಡಾ ಸರಣಿಯ ಹೊಸ ಆಟ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಬರುವುದಿತ್ತು. ನನ್ನ ತಮ್ಮನಿಗೆ ಜೆಲ್ಡಾ ಅಂದರೆ ಪ್ರಾಣ. ಊರಿನಲ್ಲೇ ಗೇಮ್ ಸಾಮಾನು ಕೊಟ್ಟು ತೆಗೆದುಕೊಳ್ಳುವ ಒಬ್ಬರು ಗುಂಪಿನಲ್ಲಿ ವುಲ್ಫ್ ಲಿಂಕ್ (ಜೆಲ್ಡಾ ಆಟಗಳ ನಾಯಕ ಲಿಂಕ್‌ನ ತೋಳದ ರೂಪ) ಗೊಂಬೆಯ ಫೋಟೋ ಹಾಕಿದರು. ತೋಳದ ಬೆನ್ನ ಮೇಲೆ ಅವನ ಜೊತೆಗಾತಿ ಮಿಡ್ನಾ ಕೂತಿರುವ ಗೊಂಬೆ ಅದು, ಪೆಟ್ಟಿಗೆ ಒಡೆದಿರಲಿಲ್ಲ. ಈ ಗೊಂಬೆ 2016ರ ಮಾರ್ಚ್‌ನಲ್ಲಿ 'ಟ್ವೈಲೈಟ್ ಪ್ರಿನ್ಸೆಸ್ ಎಚ್‌ಡಿ' ಜೊತೆ ಬಂದದ್ದು. 2017ರಲ್ಲಿ 'ಬ್ರೆತ್ ಆಫ್ ದ ವೈಲ್ಡ್' ಬಂದಾಗ ಅದನ್ನು ಸ್ಕ್ಯಾನ್ ಮಾಡಿದರೆ ನಿಜವಾದ ತೋಳವೊಂದು ಆಟದೊಳಗೆ ಬಂದು ನಿಮ್ಮ ಜೊತೆ ಓಡುತ್ತಿತ್ತು, ಬೇಟೆಯಾಡುತ್ತಿತ್ತು. ಸಾಮಾನ್ಯವಾಗಿ ಅದಕ್ಕೆ ಮೂರು ಹೃದಯ, ಅಂದರೆ ಆಟದೊಳಗಿನ ಪ್ರಾಣಶಕ್ತಿ. ಹಳೆಯ 'ಟ್ವೈಲೈಟ್ ಪ್ರಿನ್ಸೆಸ್' ಆಟದ ಗುಹೆ ಪೂರ್ತಿ ಮುಗಿಸಿ ಗೊಂಬೆಯಲ್ಲಿ ಸೇವ್ ಮಾಡಿದ್ದರೆ ಇಪ್ಪತ್ತು. ಬೇರೆ ಅಮಿಬೋಗಳು ಕೊಡುವ ಹಣ್ಣು ಮಾಂಸದ ಮುಂದೆ ಇದು ಬೇರೆಯೇ ಮಟ್ಟ. ಅದಕ್ಕೇ ಇದರ ಬೇಡಿಕೆ ಏರಿತ್ತು. ಇಷ್ಟು ನಿಜ, ಯಾರೂ ಅಲ್ಲಗಳೆಯುವಂತಿಲ್ಲ.

ಬೆಳಗಾವಿಯ ಕ್ಯಾಂಪ್ ಕಡೆ ಒಂದು ಚಹಾದಂಗಡಿಯಲ್ಲಿ ಭೇಟಿಯಾದೆವು. "ಅಣ್ಣಾ, ಹೊಸಾ ಗೇಮ್‌ನ್ಯಾಗೂ ತೋಳ ಬರ್ತದ. ಮೊದಲನೇ ದಿನದ ಅಪ್‌ಡೇಟ್‌ನ್ಯಾಗ ಐತಿ. ಮೇ ತಿಂಗಳಾಗ ಹತ್ತು ಸಾವಿರ ಕೊಟ್ರೂ ಸಿಗಂಗಿಲ್ಲ" ಅಂದರು. ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. "ನಮ್ಮ ಸಪ್ಲಾಯರ್ ಹೇಳ್ಯಾನ." ಫೋನಿನಲ್ಲಿ ಹೊರದೇಶದ ಜಾಹೀರಾತುಗಳ ಸ್ಕ್ರೀನ್‌ಶಾಟ್ ತೋರಿಸಿದರು. ಅವೆಲ್ಲ ಮಾರುವವರು ಕೇಳುತ್ತಿದ್ದ ಬೆಲೆಗಳು, ಯಾರೋ ಕೊಟ್ಟ ಬೆಲೆಗಳಲ್ಲ. ಈ ವ್ಯತ್ಯಾಸವನ್ನು ಅವರು ಬೇಕಂತಲೇ ನುಂಗಿಕೊಂಡಿದ್ದರು. ಏಳು ಸಾವಿರಕ್ಕೆ ಮಾತಾಯಿತು. ಮೇಲೆ ಒಂದು ಡಬ್ಬಿ ಕುಂದಾ ಕೂಡ ಕೊಟ್ಟರು. ಕುಂದಾ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ.

ಆಟ ಬಂತು. ತಮ್ಮ ಪೆಟ್ಟಿಗೆ ಒಡೆದ. ಒಡೆಯದೆ ಬೇರೆ ದಾರಿ ಇರಲಿಲ್ಲ, ಯಾಕೆಂದರೆ ಅಮಿಬೋ ಪೆಟ್ಟಿಗೆಯ ತಳದಲ್ಲಿ ಬೆಳ್ಳಿ ಬಣ್ಣದ ಹಾಳೆ ಇರುತ್ತದೆ, ಅದು ಸಿಗ್ನಲ್ ತಡೆಯುತ್ತದೆ. ಸ್ಕ್ಯಾನ್ ಮಾಡಿದರೆ ಆಕಾಶದಿಂದ ಒಂದಿಷ್ಟು ಮಾಂಸ ಬಿತ್ತು. ಅದೃಷ್ಟ ಇದ್ದರೆ ಪ್ಯಾರಾಗ್ಲೈಡರ್‌ಗೆ ಹಾಕುವ ಬಟ್ಟೆಯೊಂದು ಸಿಗುತ್ತದೆ. ತೋಳ ಬರಲಿಲ್ಲ. ಆ ಆಟದಲ್ಲಿ ತೋಳ ಇಲ್ಲವೇ ಇಲ್ಲ.

ಫೋನ್ ಮಾಡಿದೆ. ವಾಪಸ್ ತಗೊಳ್ಳಿ ಅಂದರೆ "ಸೀಲ್ ಒಡದೀರಿ ಅಣ್ಣಾ, ಈಗ ಹೆಂಗ ತಗೊಳ್ಳಲಿ" ಅಂತ. ಆಮೇಲೆ "ಮುಂದಿನ ಅಪ್‌ಡೇಟ್‌ನ್ಯಾಗ ಬರ್ತದ, ಸ್ವಲ್ಪ ತಡೀರಿ" ಅಂತ. ತಡೆದೆವು. ಅಪ್‌ಡೇಟ್‌ಗಳೇನೋ ಬಂದವು. ಆಟಗಾರರು ವಸ್ತುಗಳನ್ನು ಎರಡು ಮಾಡಿಕೊಳ್ಳುತ್ತಿದ್ದ ಉಪಾಯವನ್ನು ಮುಚ್ಚಿದವು, ಸಣ್ಣಪುಟ್ಟ ದೋಷ ಸರಿಮಾಡಿದವು. 2023ರ ಸೆಪ್ಟೆಂಬರ್‌ನಲ್ಲಿ ಆಟದ ನಿರ್ಮಾಪಕ ಎಯ್ಜಿ ಅಯೋನುಮಾ ಅವರೇ ಈ ಆಟಕ್ಕೆ ಹೆಚ್ಚುವರಿ ಕಂತು ತರುವ ಯೋಚನೆ ಇಲ್ಲ ಅಂದರು. ಅದನ್ನು ಕಳಿಸಿದ ಮೇಲೆ ಆ ಮನುಷ್ಯ ನನ್ನ ನಂಬರ್ ಬ್ಲಾಕ್ ಮಾಡಿದರು. ಗೊಂಬೆಯನ್ನು ಪುಣೆಯ ಒಬ್ಬರಿಗೆ 2,800ಕ್ಕೆ ಕೊಟ್ಟೆ, ಕೊರಿಯರ್ ಖರ್ಚು ನನ್ನದೇ.

ಆಮೇಲೆ ನಾನು ಮತ್ತು ತಮ್ಮ ಕೂತು ಈ ಬೆಲೆಗಳು ಹೇಗೆ ಏರಿಳಿಯುತ್ತವೆ ಅಂತ ನೋಡಿದೆವು. ಅದನ್ನು ಹೇಳಲೇಬೇಕು, ಯಾಕೆಂದರೆ ಎಲ್ಲಾ ಮಾರುವವರೂ ಮೋಸಗಾರರಲ್ಲ. ಅಪ್‌ಡೇಟ್‌ನಿಂದ ಬೆಲೆ ಏರುವುದು ಸುಳ್ಳೂ ಅಲ್ಲ. ಸುಳ್ಳು ಇರುವುದು ಅದು ಏರಿದಲ್ಲೇ ನಿಲ್ಲುತ್ತದೆ ಅನ್ನುವುದರಲ್ಲಿ.

ಮೊದಲನೆಯದು, ಬೆಲೆ ಏರುವುದು ಘೋಷಣೆಯ ದಿನ. ಅಪ್‌ಡೇಟ್ ಬರುವ ಹೊತ್ತಿಗೆ ಏರಬೇಕಾದಷ್ಟು ಏರಿ ಆಗಿರುತ್ತದೆ. ಅಂದರೆ ವಿಷಯ ಎಲ್ಲರಿಗೂ ಗೊತ್ತಾದ ಮೇಲೆ ನಿಮ್ಮ ಬಳಿ ಬಂದು "ಇನ್ನೂ ಏರ್ತದ" ಅನ್ನುವವರು ತಮ್ಮ ಮಾಲನ್ನು ಖಾಲಿ ಮಾಡುತ್ತಿದ್ದಾರೆ. ನಿಜಕ್ಕೂ ಏರುವುದಾದರೆ ಅವರೇ ಇಟ್ಟುಕೊಳ್ಳುತ್ತಿದ್ದರು, ಅಲ್ವಾ?

ಇನ್ನೊಂದು ಸಂಗತಿ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸ್ಕ್ಯಾನ್ ಮಾಡಿದರೆ ಗೊಂಬೆ ಖರ್ಚಾಗುವುದಿಲ್ಲ. ಒಬ್ಬರು ಕೊಂಡು, ತಾಗಿಸಿ, ಬೇಕಾದ ಸಾಮಾನು ತಗೊಂಡು, ಮುಂದಿನ ವಾರ ಅದನ್ನೇ ಮಾರಬಹುದು. ಗೊಂಬೆಯಲ್ಲಿ ಮಾಲೀಕರ ಹೆಸರು ಇದ್ದರೆ ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಅಳಿಸಬಹುದು. ಹಾಗಾಗಿ ಅಪ್‌ಡೇಟ್ ಬಂದ ಕೂಡಲೇ ಎಲ್ಲರೂ ಕೊಳ್ಳುವವರು, ಸ್ವಲ್ಪ ದಿನ ಕಳೆದರೆ ಅವರೇ ಮಾರುವವರು. ಒಂದೇ ಗೊಂಬೆ ನಾಲ್ಕು ಮನೆ ಸುತ್ತುತ್ತದೆ. ಮದುವೆ ಸೀಸನ್‌ನಲ್ಲಿ ಶಾಮಿಯಾನದ ಬಾಡಿಗೆ ಏರಿದ ಹಾಗೆ ಇದು. ಸೀಸನ್ ಮುಗಿದ ಮೇಲೂ ಅದೇ ರೇಟ್ ಯಾರು ಕೊಡುತ್ತಾರೆ? ಆಟದ ಸಾಮಾನಷ್ಟೇ ಬೇಕಿದ್ದರೆ ಯಾವಾಗಲೂ ಕಾದು ಕೊಳ್ಳಿ. ಸೀಲ್ ಒಡೆದದ್ದನ್ನೇ ಕೇಳಿ ಕೊಳ್ಳಿ. ಹೇಗೂ ನೀವೂ ಒಡೆಯುವವರೇ. ನನಗೆ ಆ ಮನುಷ್ಯ ಮಾಡಿದ್ದು ಅದೇ: ಆಡುವವನಿಗೆ, ಶೋಕೇಸ್‌ನಲ್ಲಿ ಇಡುವವನ ರೇಟಿಗೆ ಮಾರಿದ. ಇವೆರಡೂ ಬೇರೆ ಬೇರೆ ಮಾರುಕಟ್ಟೆ. ಸೀಲ್ ಆದ ಪೆಟ್ಟಿಗೆ ಕೂಡಿಡುವವರಿಗೆ ಅಪ್‌ಡೇಟ್ ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಕಂಪನಿ ಮತ್ತೆ ಅಚ್ಚು ಹಾಕಿದರಂತೂ ಮುಗೀತು. ಶುರುವಿನ ಅಮಿಬೋಗಳಲ್ಲಿ ಮಾರ್ಥ್ ಅನ್ನುವ ಗೊಂಬೆ ಸಿಗುವುದೇ ಇಲ್ಲ ಅಂತ ಜನ ಕೈಕೈ ಹಿಸುಕಿಕೊಂಡಿದ್ದರು, 2015ರಲ್ಲಿ ಅದು ಅಂಗಡಿಗೆ ಮತ್ತೆ ಬಂತು. ಅನಿಮಲ್ ಕ್ರಾಸಿಂಗ್‌ನ ಸ್ಯಾನ್ರಿಯೋ ಕಾರ್ಡುಗಳ (ಹಲೋ ಕಿಟ್ಟಿ ಕಂಪನಿಯ ಪಾತ್ರಗಳಿರುವ, ಗೊಂಬೆಯಂತೆಯೇ ತಾಗಿಸುವ ಅಮಿಬೋ ಕಾರ್ಡುಗಳ) ಕಥೆ ಇನ್ನೂ ಚೆನ್ನಾಗಿದೆ. 2016ರಲ್ಲಿ ಬಂದ ಕಾರ್ಡುಗಳು, ಹೊಸ ಆಟದಲ್ಲಿ ಅವಕ್ಕೆ ಜಾಗ ಇಲ್ಲದ ಕಾಲದಲ್ಲೂ ಕೆಲವರು ಚಿನ್ನದ ಹಾಗೆ ಇಟ್ಟುಕೊಂಡಿದ್ದರು. 2021ರ ಮಾರ್ಚ್‌ನಲ್ಲಿ ಅಪ್‌ಡೇಟ್ ಬಂದು ಅವು ಕೆಲಸ ಮಾಡತೊಡಗಿದವು. ಅದೇ ತಿಂಗಳು ಕಂಪನಿ ಆ ಕಾರ್ಡುಗಳನ್ನೇ ಮತ್ತೆ ಮಾರಾಟಕ್ಕೆ ಬಿಟ್ಟಿತು. ಒಂದೇ ಅಪ್‌ಡೇಟ್ ಬೇಡಿಕೆಯನ್ನೂ ತಂದಿತು, ಹೊಸ ಮಾಲನ್ನೂ ತಂದಿತು.

ಅಪ್‌ಡೇಟ್ ಬೆಲೆಯನ್ನು ಕೊಂದದ್ದೂ ಇದೆ. 2020ರ ಮಾರ್ಚ್‌ನಲ್ಲಿ ನ್ಯೂ ಹೊರೈಜನ್ಸ್ ಬಂದಾಗ ಅದರಲ್ಲಿ ರೇಮಂಡ್ ಅನ್ನುವ ಬೆಕ್ಕು ಇತ್ತು, ಎರಡು ಕಣ್ಣಿಗೆ ಎರಡು ಬಣ್ಣ. ಹೊಸ ಪಾತ್ರ ಆದ್ದರಿಂದ ಅದಕ್ಕೆ ಅಮಿಬೋ ಕಾರ್ಡೇ ಇರಲಿಲ್ಲ. ಅದನ್ನು ದ್ವೀಪಕ್ಕೆ ಕರೆತರಲು ಕೆಲವರು ನಿಜವಾದ ದುಡ್ಡು ಕೊಟ್ಟು ಬೇರೆಯವರಿಂದ ಕೊಂಡರು. ಲಾಕ್‌ಡೌನ್ ಕಾಲ ಬೇರೆ, ಮನೆಯಲ್ಲಿ ಕೂತವರಿಗೆ ಅದೇ ಲೋಕ. 2021ರ ನವೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂತು, ಅದರ ಜೊತೆಗೇ ಐದನೇ ಸರಣಿಯ ಕಾರ್ಡುಗಳೂ ಬಂದವು. ರೇಮಂಡ್ ಅದರಲ್ಲಿ ಒಂದು ಕಾರ್ಡ್. ಇನ್ನೊಂದು ತಮಾಷೆ: 2.0 ಬಂದಾಗ ಇದೇ ಕೊನೆಯ ದೊಡ್ಡ ಉಚಿತ ಅಪ್‌ಡೇಟ್ ಅಂತ ಕಂಪನಿ ಹೇಳಿತ್ತು. ನಾಲ್ಕು ವರ್ಷ ಬಿಟ್ಟು 3.0 ಬಂತು. ಮಾಡುವವರ ಮಾತೇ ಹೀಗೆ ಬದಲಾದರೆ, ಕ್ಯಾಂಪ್‌ನ ಚಹಾದಂಗಡಿಯಲ್ಲಿ ಕೂತ "ಸಪ್ಲಾಯರ್" ಕಡೆಯವರ ಮಾತಿಗೆ ಏನು ಬೆಲೆ?

ಜೆಲ್ಡಾದಲ್ಲೂ ಇಂಥದ್ದೇ ಆಯಿತು. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಅಮಿಬೋದಿಂದ ಮಾತ್ರ ಸಿಗುತ್ತಿದ್ದ ಹಳೆಯ ಲಿಂಕ್‌ನ ಅಂಗಿ, ಕತ್ತಿಗಳು ಟಿಯರ್ಸ್ ಆಫ್ ದ ಕಿಂಗ್‌ಡಮ್‌ನಲ್ಲಿ ಆಟದೊಳಗಿನ ಪೆಟ್ಟಿಗೆಗಳಲ್ಲೇ ಸಿಕ್ಕವು. ಹುಡುಕುವ ತಾಳ್ಮೆ ಇದ್ದರೆ ಸಾಕು, ಗೊಂಬೆ ಬೇಡ. ಆ ಅಂಗಿಗಾಗಿಯೇ ಗೊಂಬೆ ಕೂಡಿಟ್ಟವರ ಮುಖ ನೆನೆಸಿಕೊಳ್ಳಿ.

ಇನ್ನು ಚಿಪ್. ಅಮಿಬೋದ ಒಳಗಿರುವುದು ಎನ್‌ಟ್ಯಾಗ್215 ಅನ್ನುವ ಸಾಮಾನ್ಯ ಎನ್‌ಎಫ್‌ಸಿ ಚಿಪ್. ಅದೇ ಚಿಪ್ ಹಾಕಿದ ನಕಲಿ ಕಾರ್ಡುಗಳು ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಸಿಗುತ್ತವೆ. ಅವನ್ನು ಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವು ಇವೆ ಅನ್ನುವುದು ಅಸಲಿ ಗೊಂಬೆಯ "ಆಟದ ಬೆಲೆ"ಗೆ ಒಂದು ಮಿತಿ ಹಾಕುತ್ತದೆ. ನಕಲಿಯನ್ನೇ ಅಸಲಿ ಅಂತ ದಾಟಿಸುವವರೂ ಇದ್ದಾರೆ. ಅನಿಮಲ್ ಕ್ರಾಸಿಂಗ್ ಕಾರ್ಡ್ ಕೊಳ್ಳುವವರು ಗೊತ್ತಿರುವ ಅಸಲಿ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಅಳತೆ, ಅಚ್ಚು, ಕಾಗದದ ದಪ್ಪ ನೋಡಿ. ಸ್ಕ್ಯಾನ್ ಆಯಿತು ಅಂದ ಮಾತ್ರಕ್ಕೆ ಅಸಲಿ ಅಲ್ಲ.

ನಮ್ಮ ಊರಿನವರಿಗೆ ಇನ್ನೂ ಒಂದು ತೊಂದರೆ. ಅಮೆರಿಕದಲ್ಲಿ ನೂರು ಡಾಲರ್ ಅಂತ ಕಂಡ ಬೆಲೆ ಬೆಳಗಾವಿಯಲ್ಲಿ ನಗದಾಗುವುದಿಲ್ಲ. ಟಿಳಕವಾಡಿಯಿಂದ ಶಹಾಪುರದವರೆಗೆ ಹುಡುಕಿದರೂ ವುಲ್ಫ್ ಲಿಂಕ್ ಬೇಕು ಅನ್ನುವವರು ಕೈಬೆರಳಿನಷ್ಟು ಸಿಗುವುದಿಲ್ಲ. ಪುಣೆಗೋ ಬೆಂಗಳೂರಿಗೋ ಕಳಿಸಬೇಕು, ಚೌಕಾಸಿ ಮಾಡಬೇಕು, ದಾರಿಯಲ್ಲಿ ಪೆಟ್ಟಿಗೆಯ ಮೂಲೆ ಮಡಚಿದರೆ ಅದಕ್ಕೂ ಕಡಿತ. ಕೊಳ್ಳುವಾಗ ಹೊರದೇಶದ ರೇಟ್, ಮಾರುವಾಗ ಲೋಕಲ್ ರೇಟ್. ಇದು "ಇನ್ವೆಸ್ಟ್‌ಮೆಂಟ್" ಅಂತ ಹೇಳುವವರು ಈ ಭಾಗವನ್ನು ಹೇಳುವುದೇ ಇಲ್ಲ.

ಬೆಲೆ ನೋಡುವುದಾದರೆ ಇಬೇಯಲ್ಲಿ 'ಸೋಲ್ಡ್' ಅನ್ನುವ ಫಿಲ್ಟರ್ ಹಾಕಿ, ನಿಜವಾಗಿ ಮಾರಾಟ ಆದದ್ದನ್ನು ನೋಡಿ. ಪ್ರೈಸ್‌ಚಾರ್ಟಿಂಗ್ ಅನ್ನುವ ಬೆಲೆ ತೋರಿಸುವ ವೆಬ್‌ಸೈಟ್‌ನಲ್ಲಿ ಹಳೆಯ ತಿಂಗಳುಗಳ ಗೆರೆಯೂ ಸಿಗುತ್ತದೆ. ಒಂದು ಸಲ ಆ ಗೆರೆ ನೋಡಿದರೆ ಗುಡ್ಡ ಎಲ್ಲಿ, ಇಳಿಜಾರು ಎಲ್ಲಿ ಅಂತ ಕಾಣುತ್ತದೆ. ಸೀಲ್ ಆದದ್ದು, ಒಡೆದದ್ದು ಎರಡರ ರೇಟನ್ನೂ ಬೇರೆಬೇರೆ ನೋಡಿ. ಅಪ್‌ಡೇಟ್‌ನಲ್ಲಿ ಆ ಗೊಂಬೆಗೆ ಏನು ಸಿಗುತ್ತದೆ ಅನ್ನುವುದನ್ನು ನಿಂಟೆಂಡೋದ ಸ್ವಂತ ಪ್ರಕಟಣೆಯಲ್ಲಿ ಓದಿ. ಅಲ್ಲಿ ಬರೆದಿಲ್ಲದಿದ್ದರೆ ಇಲ್ಲ ಅಂತಲೇ ಲೆಕ್ಕ. ಭೇಟಿಯಾಗಿ ಕೊಳ್ಳುವಾಗ ಸ್ವಿಚ್ ಜೊತೆಗೆ ಒಯ್ಯಿರಿ, ಸೀಲ್ ಒಡೆದ ಗೊಂಬೆಯನ್ನು ಅಲ್ಲೇ ತಾಗಿಸಿ ನೋಡಿ, ಆಮೇಲೆ ದುಡ್ಡು.

ಈಗಾಗಲೇ ಮುಂಗಡ ಕಳಿಸಿ ಗೊಂಬೆ ಬಾರದೆ ಕೂತವರು ತಡ ಮಾಡಬೇಡಿ. ಚಾಟ್ ಅಳಿಸಬೇಡಿ, ಯುಪಿಐ ವ್ಯವಹಾರದ ನಂಬರ್ ಬರೆದಿಟ್ಟುಕೊಂಡು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಿಲ್ ಕೊಟ್ಟ ಅಂಗಡಿಯಿಂದ ನಕಲಿ ಬಂದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ನನ್ನ ಹಾಗೆ ಮಾಲು ಕೈಗೆ ಬಂದು ಮಾತು ಮಾತ್ರ ಸುಳ್ಳಾದವರಿಗೆ ಇವೆರಡರಿಂದ ಹೆಚ್ಚು ಉಪಯೋಗ ಆಗುವುದು ಕಷ್ಟ, ಬಾಯಿಮಾತಿಗೆ ಪುರಾವೆ ಇರುವುದಿಲ್ಲ. ಅದಕ್ಕೇ "ಹೊಸ ಆಟದಲ್ಲಿ ಇದು ಇಂಥ ಕೆಲಸ ಮಾಡುತ್ತದೆ, ಮಾಡದಿದ್ದರೆ ವಾಪಸ್ ತಗೊಳ್ಳುತ್ತೇನೆ" ಅಂತ ಮಾರುವವರಿಂದ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಆ ಗುಂಪಿನಲ್ಲಿ ಈಚೆಗೆ ಒಬ್ಬರಿಗೆ ಹೀಗೆ ಬರೆದುಕೊಡಿ ಅಂತ ಕೇಳಿದೆ. ಜೆಲ್ಡಾ ಗೊಂಬೆಯ ಜಾಹೀರಾತು ಅವತ್ತೇ ಡಿಲೀಟ್ ಆಯಿತು.